ಮೊದಲು ಮಗು ಮಾತಾಡಲಿ

(ಸಾಗರದಲ್ಲಿ ಪೋಷಕರು ಮತ್ತು ಪ್ರಾಥಮಿಕ ಶಾಲೆಯ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರುವ ಜೂನ್‌ನಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸಬೇಕಾದವರು ಇಲ್ಲಿ ಜಾಸ್ತಿ ಇದ್ದೀರಿ. ತೋಟ ಇರುವವರಿದ್ದೀರಿ, ತೋಟದ ಕೆಲಸಕ್ಕೆ ಹೋಗುವವರಿದ್ದೀರಿ, ಪೇಟೆಯಲ್ಲಿ ಅಂಗಡಿ ಇಟ್ಟವರಿದ್ದೀರಿ. ಎಲ್ಲರ ತಲೆಯಲ್ಲೂ ಒಂದೇ ಯೋಚನೆ ಓಡುತ್ತಿದೆ. ಊರಿನ ಕನ್ನಡ ಶಾಲೆಗೆ ಹಾಕುವುದೋ, ಮನೆ ಹತ್ತಿರ ವ್ಯಾನು ಬರುವ ಇಂಗ್ಲಿಷ್ ಶಾಲೆಗೋ? ಅದಕ್ಕೆ ನನ್ನ ಉತ್ತರ ಹೇಳದೆ ಇಲ್ಲಿಂದ ಇಳಿಯುವುದಿಲ್ಲ. ಆದರೆ ಅದಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳೋಣ. ನಿಮ್ಮ ಮಗು ತರಗತಿಯಲ್ಲಿ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತದೆ? ಟೀಚರ್ ಹೇಳಿದ್ದನ್ನು ಎಲ್ಲರ ಜೊತೆ ಕೂಗುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ವಂತದ ಮಾತು. ತಾನು ಕಂಡದ್ದು, ತನಗೆ ಅನಿಸಿದ್ದು.

ನಾನು ಹೊಸನಗರ, ತೀರ್ಥಹಳ್ಳಿ ಕಡೆಯ ಸಣ್ಣ ಶಾಲೆಗಳಲ್ಲಿ, ಆಮೇಲೆ ಶಿಕಾರಿಪುರದ ಒಂದು ಲಂಬಾಣಿ ತಾಂಡಾದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡಿದವಳು. ಮಳೆಗಾಲದಲ್ಲಿ ನಮ್ಮ ಮಕ್ಕಳು ಶಾಲೆಗೆ ಬರುವುದನ್ನು ನೀವೂ ನೋಡಿದ್ದೀರಿ. ದಾರಿಯುದ್ದಕ್ಕೂ ಮಾತು. ಕಾಲಿಗೆ ಉಂಬಳ ಹತ್ತಿದ್ದು, ಹಳ್ಳದ ನೀರು ಸಂಕದ ಮಟ್ಟಕ್ಕೆ ಬಂದದ್ದು, ರಾತ್ರಿ ಕೊಟ್ಟಿಗೆಯಲ್ಲಿ ದನ ಕರು ಹಾಕಿದ್ದು. ಅದೇ ಮಗು ಶಾಲೆಯ ಜಗಲಿ ಹತ್ತಿದ ಕೂಡಲೇ ಸುಮ್ಮನಾಗುತ್ತದೆ. ನಾವು ಅದನ್ನು ಶಿಸ್ತು ಅಂದುಕೊಳ್ಳುತ್ತೇವೆ. 'ನಿಮ್ಮ ಹುಡುಗಿ ತುಂಬಾ ಪಾಪ, ಮಾತೇ ಇಲ್ಲ' ಅಂತ ಅಮ್ಮನ ಹತ್ತಿರ ಹೊಗಳುತ್ತೇವೆ. ಆರು ವರ್ಷದ ಮಗು ಬಾಯಿ ಮುಚ್ಚಿ ಕೂತರೆ ಅದು ಕಲಿಯುವುದನ್ನು ನಿಲ್ಲಿಸಿದೆ ಎಂದೇ ಅರ್ಥ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓದುವುದನ್ನೇ ತೆಗೆದುಕೊಳ್ಳಿ.

ಸರ್ಕಾರಿ ಶಾಲೆಯ ನಲಿಕಲಿ ಕಾರ್ಡುಗಳು ನಿಮಗೆ ಗೊತ್ತು, ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದು. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯವರು ಹಳ್ಳಿ ಶಾಲೆಗಳಲ್ಲಿ ಮಾಡಿದ ಕೆಲಸವನ್ನು ನೋಡಿಕೊಂಡು ಬಂದು ಇಲ್ಲಿನ ಶಿಕ್ಷಕರು ಕಟ್ಟಿದ್ದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಅಂತ ಶುರುವಾಗುತ್ತದೆ. ಅಜ್ಜ ಅಜ್ಜಿಯರಿಗೆ ಇದು ಸರಿ ಕಾಣುವುದಿಲ್ಲ. 'ಎಂತ ಇದು, ವರ್ಣಮಾಲೆಯೇ ಇಲ್ಲವಾ?' ಅಂತ ಶಾಲೆಗೆ ಬಂದು ಕೇಳಿದವರಿದ್ದಾರೆ. ಇದಕ್ಕೆ ಕಾರಣ ಇದೆ. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಐವತ್ತು ಅಕ್ಷರ ಮುಗಿಯಲಿ ಅಂತ ಕಾಯಬೇಕಾಗಿಲ್ಲ.

ಮಗು ಬೆರಳಿಟ್ಟುಕೊಂಡು ಗ, ರ, ಗ, ಸ ಅಂತ ಕೂಡಿಸುತ್ತದೆ. ಕೂಡಿಸಿ ಮುಗಿಯುವ ಹೊತ್ತಿಗೆ ಮುಖ ಅರಳುತ್ತದೆ. ಗರಗಸ ಅದಕ್ಕೆ ಗೊತ್ತು. ಅಪ್ಪ ಮರ ಕೊಯ್ಯುವಾಗ ನೋಡಿದೆ, ಮುಟ್ಟಲು ಹೋಗಿ ಬೈಸಿಕೊಂಡಿದೆ. ಒಂದು ವೇಳೆ ಅಕ್ಷರ ಹಿಂದೆಮುಂದೆ ಆಗಿ 'ಗಸರಗ' ಅಂತ ಓದಿದರೆ? ಹಾಗೊಂದು ಪದ ಇಲ್ಲ ಅಂತ ಅದಕ್ಕೇ ಗೊತ್ತಾಗುತ್ತದೆ. ಹಿಂದೆ ಹೋಗಿ ಮತ್ತೆ ನೋಡುತ್ತದೆ. ಯಾರೂ ತಿದ್ದಬೇಕಾಗಿಲ್ಲ. ಓದು ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಬರೆದದ್ದನ್ನು ಉಚ್ಚರಿಸಿದ ಮೇಲೆ ಅದು ಸರಿಯೋ ತಪ್ಪೋ ಅಂತ ತನ್ನ ಕಿವಿಯಿಂದಲೇ ತಿಳಿಯುವುದು.

ಗೊತ್ತಿಲ್ಲದ ಭಾಷೆಯಲ್ಲಿ ಈ ಆಸರೆ ಇಲ್ಲ. ಮಗು ಎಷ್ಟೇ ಚುರುಕಿರಲಿ, ಓದಿದ್ದು ಸರಿಯಾ ಅಂತ ಪ್ರತಿ ಪದಕ್ಕೂ ಟೀಚರ್ ಮುಖ ನೋಡಬೇಕು. ಮೂವತ್ತು ಮಕ್ಕಳ ತರಗತಿಯಲ್ಲಿ ಟೀಚರ್ ಮುಖ ಎಷ್ಟು ಸಲ ಸಿಗುತ್ತದೆ ಹೇಳಿ. ಆಗ ಮಗು ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಇಡೀ ಪುಟವನ್ನು ಬಾಯಿಪಾಠ ಮಾಡುತ್ತದೆ. ಎರಡನೇ ತರಗತಿಯ ಮಗು ಇಂಗ್ಲಿಷ್ ಪಾಠವನ್ನು ಗಡಗಡ ಓದಿದರೆ ನಮಗೆ ಎದೆ ತುಂಬಿ ಬರುತ್ತದೆ, ಅಲ್ವಾ? ತಪ್ಪಲ್ಲ. ಆದರೆ ಪುಸ್ತಕ ಮುಚ್ಚಿ, 'ಪುಟ್ಟಾ, ಆ ಕತೆಯಲ್ಲಿ ಏನಾಯ್ತು?' ಅಂತ ಮನೆಯ ಮಾತಿನಲ್ಲೇ ಒಮ್ಮೆ ಕೇಳಿ. ಉತ್ತರ ಬಂದರೆ ಒಳ್ಳೆಯದು, ಚಿಂತೆ ಬೇಡ. ಬರದಿದ್ದರೆ ಅದು ಓದಿದ್ದಲ್ಲ.

ಹಾಗಂತ ಕನ್ನಡ ಓದು ಸುಲಭ ಅಂತ ನಾನು ಹೇಳುವುದಿಲ್ಲ. ಇಂಗ್ಲಿಷಿಗೆ 26 ಅಕ್ಷರ ಕಲಿತರೆ ಆಕಾರಗಳು ಮುಗಿದವು, ಕಷ್ಟ ಬರುವುದು ಸ್ಪೆಲ್ಲಿಂಗಿನಲ್ಲಿ. ನಮ್ಮದರಲ್ಲಿ ಉಚ್ಚಾರದ ಗೊಂದಲ ಕಡಿಮೆ, ಆದರೆ ಆಕಾರಗಳು ಬಹಳ. ಕಾಗುಣಿತ ಸೇರಿಸಿದರೆ ನಾನೂರಕ್ಕೂ ಹೆಚ್ಚು. ಅದರ ಮೇಲೆ ಒತ್ತಕ್ಷರ. ಅಕ್ಕ, ಅಮ್ಮ ಬೇಗ ಬರುತ್ತದೆ. ಸೂರ್ಯ ಬರೆಯುವಾಗ ನೋಡಿ, ಬಾಯಲ್ಲಿ ಮೊದಲು ಬರುವ ರ್ ಬರವಣಿಗೆಯಲ್ಲಿ ಯ ಆದ ಮೇಲೆ ಬಂದು ಕೂರುತ್ತದೆ. ಏಳು ವರ್ಷದ ಮಗುವಿಗೆ ಇದು ಸಣ್ಣ ಕೆಲಸ ಅಲ್ಲ. ಒತ್ತಕ್ಷರ ಗಟ್ಟಿಯಾಗಲು ಮೂರನೇ, ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ. ಒಂದನೇ ತರಗತಿ ಮುಗಿಯುವಾಗ ಪೇಪರ್ ಓದಲಿಲ್ಲ ಅಂತ ಮಗುವನ್ನೂ ಬೈಯಬೇಡಿ, ಟೀಚರನ್ನೂ ಬೈಯಬೇಡಿ. ಆದರೆ ಇಷ್ಟು ದೊಡ್ಡ ಕೆಲಸ ಕಲಿಯುವಾಗ ಭಾಷೆಯೂ ಹೊಸದಾದರೆ ಮಗುವಿನ ಮೇಲೆ ಎರಡು ಹೊರೆ ಒಟ್ಟಿಗೆ ಬೀಳುತ್ತದೆ. ಲಿಪಿ ಹೊಸದು, ಹೊಸದೇ ಆಗಿರಬೇಕು. ಮಾತಾದರೂ ಗೊತ್ತಿರಲಿ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಲೆಕ್ಕಕ್ಕೆ ಯಾವ ಭಾಷೆಯಾದರೇನು, ಅಂಕಿ ಅಂಕಿಯೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ದೊಡ್ಡ ತರಗತಿಗೆ ಅದು ಸ್ವಲ್ಪ ನಿಜ ಇರಬಹುದು. ಚಿಕ್ಕ ಮಕ್ಕಳಿಗೆ ಸಂಖ್ಯೆಯ ಹೆಸರೇ ಲೆಕ್ಕದ ಮೊದಲ ಪಾಠ. ಇಪ್ಪತ್ಮೂರು ಅಂದರೆ ಇಪ್ಪತ್ತು ಮತ್ತು ಮೂರು. ಹದಿನಾಲ್ಕರಲ್ಲಿ ಹತ್ತು ಮೊದಲು, ನಾಲ್ಕು ಆಮೇಲೆ. ಬರೆಯುವುದೂ ಹಾಗೆಯೇ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಒಳಗೆ ಹತ್ತು ಎಲ್ಲಿದೆ ಅಂತ ಮಗುವಿಗೆ ಕಾಣುವುದಿಲ್ಲ. ಫೋರ್ಟೀನ್ ಅನ್ನುವಾಗ ನಾಲ್ಕು ಮೊದಲು ಕೇಳುತ್ತದೆ, ಬರೆಯುವಾಗ ಒಂದು ಮೊದಲು ಬರುತ್ತದೆ. 14ನ್ನು 41 ಅಂತ ಬರೆಯುವ ಮಕ್ಕಳು ದಡ್ಡರಲ್ಲ, ಕಿವಿಗೆ ಬಿದ್ದದ್ದನ್ನು ಬರೆಯುತ್ತಿದ್ದಾರೆ. ಥರ್ಟೀನ್, ಥರ್ಟಿ ಎರಡೂ ಅವರ ಕಿವಿಗೆ ಒಂದೇ. ಉರ್ದು ಮನೆಮಾತಿನ ಮಕ್ಕಳಿಗೆ ಬೇರೆ ತೊಂದರೆ ಇದೆ, ಅಲ್ಲಿ ನೂರರವರೆಗೆ ಹೆಚ್ಚು ಕಡಿಮೆ ಒಂದೊಂದು ಹೆಸರನ್ನೂ ನೆನಪಿಡಬೇಕು. ಉರ್ದು ಶಾಲೆಯ ಟೀಚರ್‌ಗಳಿಗೆ ಇದು ಚೆನ್ನಾಗಿ ಗೊತ್ತು, ಅವರು ಕಡ್ಡಿ ಕಟ್ಟುಗಳನ್ನು ಜಾಸ್ತಿ ಬಳಸಬೇಕಾಗುತ್ತದೆ.

ನಮ್ಮ ಮಕ್ಕಳ ಹತ್ತಿರ ಮನೆಯ ಲೆಕ್ಕ ಎಷ್ಟಿದೆ ಅಂತ ಶಾಲೆ ಕೇಳುವುದೇ ಇಲ್ಲ. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುವ ಕಡೆ ಮಕ್ಕಳು ಕೂತಿರುತ್ತಾರೆ. ಯಾರು ಎಷ್ಟು ಡಬ್ಬ ಸುಲಿದರು, ಯಾರಿಗೆ ಎಷ್ಟು ಕೂಲಿ, ಎಲ್ಲ ಕೇಳಿಸಿಕೊಳ್ಳುತ್ತಾರೆ. ಐದು ಜನ ಸಮ ಸಮ ಸುಲಿದು ಇಪ್ಪತ್ತು ಡಬ್ಬ ಆದರೆ ಒಬ್ಬೊಬ್ಬರದು ಎಷ್ಟು ಅಂತ ಕೇಳಿ, ಬಾಯಲ್ಲೇ ಹೇಳುವ ಮಕ್ಕಳಿದ್ದಾರೆ. ಅದೇ ಲೆಕ್ಕವನ್ನು ಪುಸ್ತಕದಲ್ಲಿ 'ತಲಾ ಎಷ್ಟು' ಅಂತ ಕೇಳಿದರೆ ತಡವರಿಸುತ್ತಾರೆ. ಇದು ಕನ್ನಡ ಪುಸ್ತಕದಲ್ಲೇ, ನೆನಪಿರಲಿ.

ಇಲ್ಲಿಂದ ಮುಂದಿನ ಮಾತು ಶಿಕ್ಷಕರಿಗೆ. ಕನ್ನಡ ಮಾಧ್ಯಮ ಅಂದ ಮಾತ್ರಕ್ಕೆ ಮಗುವಿನ ಭಾಷೆಯಲ್ಲಿ ಪಾಠ ನಡೆಯುತ್ತಿದೆ ಅಂದುಕೊಳ್ಳಬೇಡಿ. ಪುಸ್ತಕದ ಕನ್ನಡವನ್ನು ಮಲೆನಾಡಿನ ಯಾವ ಮನೆಯಲ್ಲೂ ಆಡುವುದಿಲ್ಲ. ಹವ್ಯಕರ ಮನೆಯ ಮಗು 'ಯಂಗೆ ಗೊತ್ತಿಲ್ಲೆ' ಅನ್ನುತ್ತದೆ. ದೀವರ ಮನೆಯ ಮಗುವಿಗೆ ಅದರದ್ದೇ ರಾಗ, ಅದರದ್ದೇ ಪದಗಳು. ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಮಾತು ಇನ್ನೊಂದು ಬಗೆ. ಹಾಲು ಅನ್ನುವುದನ್ನು ಆಲು ಅನ್ನುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಆ ಮಗುವನ್ನು ನಿಲ್ಲಿಸಿ ಎಲ್ಲರೂ ನಗುವಂತೆ ಮಾಡಿದರೆ ಆ ವರ್ಷ ಪೂರ್ತಿ ಅದು ಬಾಯಿ ಬಿಡುವುದಿಲ್ಲ. ಹ ಅಕ್ಷರ ಕಲಿಯುವಾಗ ತಾನಾಗಿ ಬರುತ್ತದೆ. ಬರೆಯುವಾಗ ಹಾಲು, ಮಾತಾಡುವಾಗ ಆಲು ಅಂದರೂ ಆಕಾಶ ಕಳಚಿ ಬೀಳುವುದಿಲ್ಲ. ದಯವಿಟ್ಟು ಮೊದಲ ವರ್ಷ ಉಚ್ಚಾರ ತಿದ್ದುವುದನ್ನು ಬಿಡಿ.

ಕನ್ನಡವೇ ಅಲ್ಲದ ಮನೆಗಳ ಮಕ್ಕಳ ಪಾಡು ಇನ್ನೂ ಕಷ್ಟ. ನಮ್ಮ ಜಿಲ್ಲೆ ಒಂದೇ ಭಾಷೆಯ ಜಿಲ್ಲೆ ಯಾವತ್ತೂ ಆಗಿರಲಿಲ್ಲ. ಭದ್ರಾವತಿಗೆ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಬಂದಾಗ ತಮಿಳು, ತೆಲುಗು ಬಂದವು. ಶಿವಮೊಗ್ಗ ಪೇಟೆಯಲ್ಲಿ ಉರ್ದು ಇದೆ. ಕೊಂಕಣಿಯ ಮನೆಗಳಿವೆ. ಶಿಕಾರಿಪುರ, ಸೊರಬದ ತಾಂಡಾಗಳಲ್ಲಿ ಲಂಬಾಣಿ. ಈಗ ತೋಟ, ಎಸ್ಟೇಟುಗಳ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಮಲೆನಾಡಿನ ಶಾಲೆಗಳಲ್ಲಿ ಕೂತಿದ್ದಾರೆ.

ಲಂಬಾಣಿ ಕನ್ನಡಕ್ಕೆ ಹತ್ತಿರದ ಭಾಷೆ ಅಲ್ಲ. ಅದು ರಾಜಸ್ಥಾನಿಯ ಬಳಗದ್ದು. ಅಮ್ಮನನ್ನು ಯಾಡಿ ಅಂತ ಕರೆಯುವ ಮಗುವಿನ ಮುಂದೆ ಮೊದಲ ದಿನವೇ ಅಮ್ಮ, ಆಟ, ಅಗಸ ಇಟ್ಟರೆ ಅದಕ್ಕೆ ಕನ್ನಡವೂ ಇಂಗ್ಲಿಷಿನಷ್ಟೇ ದೂರ. ತಾಂಡಾ ಶಾಲೆಯಲ್ಲಿ ನಾವು ಮಾಡಿಕೊಂಡ ದಾರಿ ಹೀಗಿತ್ತು. ಬಿಸಿಯೂಟದ ಅಡುಗೆಯವರು ತಾಂಡಾದವರೇ. ಬೆಳಗ್ಗೆ ಸ್ವಲ್ಪ ಹೊತ್ತು ಅವರನ್ನೋ, ನಾಲ್ಕನೇ ತರಗತಿಯ ಒಂದು ಹುಡುಗಿಯನ್ನೋ ಕೂರಿಸಿಕೊಂಡು ಒಂದು ಕತೆಯನ್ನು ಲಂಬಾಣಿಯಲ್ಲಿ ಹೇಳಿಸುವುದು. ಚಿಕ್ಕ ಮಕ್ಕಳು ನಗುತ್ತಾರೆ, ನಡುವೆ ಬಾಯಿ ಹಾಕುತ್ತಾರೆ, ಕತೆಯನ್ನು ತಮಗೆ ಬೇಕಾದಂತೆ ತಿರುಗಿಸುತ್ತಾರೆ. ಮಾರನೇ ದಿನ ಅದೇ ಕತೆಯನ್ನು ಚಿತ್ರ ತೋರಿಸಿಕೊಂಡು ನಾನು ಕನ್ನಡದಲ್ಲಿ ಹೇಳುವುದು. ಕತೆ ಗೊತ್ತಿರುವುದರಿಂದ ನನ್ನ ಕನ್ನಡ ಅವರಿಗೆ ಹಿಡಿಯುತ್ತದೆ. ಮೂರನೇ ದಿನ ಅವರು ಅರ್ಧ ಲಂಬಾಣಿ ಅರ್ಧ ಕನ್ನಡದಲ್ಲಿ ಹೇಳುತ್ತಾರೆ. ಆ ಬೆರಕೆ ಮಾತನ್ನು ತಡೆಯಬಾರದು. ಲಂಬಾಣಿಗೆ ಸ್ವಂತ ಲಿಪಿ ಇಲ್ಲ, ಕನ್ನಡ ಅಕ್ಷರದಲ್ಲೇ ಬರೆಯಬಹುದು. ಮಗು ಹೇಳಿದ ಒಂದು ವಾಕ್ಯವನ್ನು ಬೋರ್ಡಿನ ಮೇಲೆ ಹಾಗೇ ಬರೆದು ಓದಿ ತೋರಿಸಿದರೆ ಅಕ್ಷರ ಅಂದರೆ ಏನು ಅಂತ ಮಗುವಿಗೆ ಅರ್ಥವಾಗುತ್ತದೆ. ತಾನು ಆಡಿದ್ದು ಅಲ್ಲಿ ನಿಂತಿದೆ!

ಒಡಿಶಾದಲ್ಲಿ 2007ರಿಂದ ಸರ್ಕಾರವೇ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪುಟ್ಟ ಮಕ್ಕಳ ಪಾಠ ಶುರು ಮಾಡಿತು. ಆಯಾ ಭಾಷೆಯ ಶಿಕ್ಷಕರನ್ನು ತೆಗೆದುಕೊಂಡು, ಅವರ ಹಾಡು, ಅವರ ಬೆಳೆ, ಅವರ ಹಬ್ಬ ಇಟ್ಟುಕೊಂಡು ಪುಸ್ತಕ ಮಾಡಿದರು. ಅಲ್ಲಿಂದ ಮೆಲ್ಲಗೆ ಒಡಿಯಾಕ್ಕೆ, ಇಂಗ್ಲಿಷಿಗೆ ಕರೆದುಕೊಂಡು ಹೋಗುವುದು. ನಮ್ಮ ತಾಂಡಾಗಳಿಗೂ ಇದು ಆಗಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ, ಕನ್ನಡ ನಾಡು ಒಂದಾದ ವರ್ಷವೇ. ನಮ್ಮ ಭಾಷೆಗೆ ಮನೆ ಸಿಕ್ಕಿದ ವರ್ಷವೇ ನಮ್ಮ ನಡುವಿನ ಬೇರೆ ಭಾಷೆಗಳ ಮಕ್ಕಳ ಬಗ್ಗೆಯೂ ಮಾತು ಕೊಟ್ಟಿದ್ದೇವೆ. ಕನ್ನಡದ ಮೇಲೆ ಪ್ರೀತಿ ಇರುವ ನಾವೇ ಈ ಮಾತನ್ನು ಮೊದಲು ಉಳಿಸಿಕೊಳ್ಳಬೇಕು.

ಇನ್ನು ಇಂಗ್ಲಿಷ್. ನೀವೆಲ್ಲ ಕಾಯುತ್ತಿರುವುದೂ ಇದಕ್ಕೇ.

ಇಂಗ್ಲಿಷ್ ಬೇಕು. ನಿಮ್ಮ ಆಸೆ ನ್ಯಾಯದ್ದು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಇಂಗ್ಲಿಷ್ ಬಾರದೆ ತಲೆ ತಗ್ಗಿಸಿ ನಿಂತವರು ತಮ್ಮ ಮಗು ಹಾಗೆ ನಿಲ್ಲಬಾರದು ಅಂದುಕೊಳ್ಳುತ್ತಾರೆ. ಕೂಲಿಯ ದುಡ್ಡಿನಲ್ಲಿ ಫೀಸು ಕಟ್ಟುವ ತಾಯಂದಿರಿಗೆ 'ನಿಮಗೆ ಇಂಗ್ಲಿಷ್ ಹುಚ್ಚು' ಅಂತ ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಸಲ ಹಾಗೆ ಬೈಯುವವರ ಮಕ್ಕಳೇ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುತ್ತಾರೆ.

ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಅದನ್ನು ಚೆನ್ನಾಗಿ ಕಲಿಸುತ್ತಿದ್ದೇವಾ ಅಂತ ಕೇಳಿ, ಅದು ಸರಿಯಾದ ಪ್ರಶ್ನೆ. ಓದುವ ವಿದ್ಯೆ ಒಂದು ಸಲ ಬಂದರೆ ಎಲ್ಲ ಭಾಷೆಗೂ ಕೆಲಸಕ್ಕೆ ಬರುತ್ತದೆ. ಊರಿನ ಹಳ್ಳದಲ್ಲಿ ಈಜು ಕಲಿತವನು ತುಂಗಾ ಹೊಳೆಗೆ ಇಳಿದಾಗ ಮತ್ತೆ ಮೊದಲಿಂದ ಕಲಿಯುವುದಿಲ್ಲ.

ಇದನ್ನು ನಾನೊಬ್ಬಳೇ ಹೇಳುವುದಲ್ಲ. ನೈಜೀರಿಯಾದ ಇಫೆ ಎಂಬ ಊರಿನಲ್ಲಿ 1970ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಅಲ್ಲೂ ನಮ್ಮ ಹಾಗೆಯೇ ಇಂಗ್ಲಿಷಿನ ಮೇಲೆ ದೊಡ್ಡ ಆಸೆ. ಒಂದು ಗುಂಪಿನ ಮಕ್ಕಳಿಗೆ ಆರು ವರ್ಷ ಪೂರ್ತಿ ಅವರ ಮನೆಮಾತಾದ ಯೊರುಬಾದಲ್ಲೇ ಎಲ್ಲ ಪಾಠ. ಇಂಗ್ಲಿಷ್ ಒಂದು ವಿಷಯ ಮಾತ್ರ, ಆದರೆ ಅದನ್ನು ಚೆನ್ನಾಗಿ ಬಲ್ಲವರಿಂದ ಪಾಠ. ಇನ್ನೊಂದು ಗುಂಪಿಗೆ ಮೂರು ವರ್ಷ ಆದ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿ. ಕೊನೆಗೆ ನೋಡಿದಾಗ ಆರು ವರ್ಷ ಯೊರುಬಾದಲ್ಲಿ ಓದಿದವರು ವಿಜ್ಞಾನ, ಲೆಕ್ಕದಲ್ಲಿ ಮುಂದಿದ್ದರು. ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ನಮ್ಮ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. ಅದನ್ನು ಖಾಸಗಿ ಶಾಲೆಗಳ ಮೇಲೆ ಹೇರುವ ಹಾಗಿಲ್ಲ, ಮಾಧ್ಯಮ ಆರಿಸುವ ಹಕ್ಕು ಮಗುವಿನ ಪರವಾಗಿ ತಂದೆತಾಯಿಯದು ಅಂತ ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆದಷ್ಟು ಮಟ್ಟಿಗೆ ಮಾತೃಭಾಷೆ ಇರಲಿ ಅನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದ ಕಡೆ ಕನಿಷ್ಠ ಐದನೇ ತರಗತಿವರೆಗೆ ಅನ್ನುತ್ತದೆ. ಆದಷ್ಟು ಮಟ್ಟಿಗೆ, ಸಾಧ್ಯವಾದ ಕಡೆ. ಅಂದರೆ ಕೊನೆಗೆ ತೀರ್ಮಾನ ನಿಮ್ಮ ಕೈಯಲ್ಲಿದೆ. ಅದಕ್ಕೇ ನಾನು ಇವತ್ತು ನಿಮ್ಮ ಜೊತೆ ಮಾತಾಡುತ್ತಿದ್ದೇನೆ.

ಹಾಗಾದರೆ ಯಾವ ಶಾಲೆ? ನನ್ನ ಉತ್ತರ: ಐದನೇ ತರಗತಿವರೆಗೆ ಕನ್ನಡದಲ್ಲಿ ಕಲಿಯಲಿ, ಮನೆಮಾತು ಬೇರೆ ಇದ್ದು ಆ ಭಾಷೆಯ ಶಾಲೆ ಹತ್ತಿರ ಇದ್ದರೆ ಅದರಲ್ಲಿ ಕಲಿಯಲಿ, ಜೊತೆಗೆ ಇಂಗ್ಲಿಷ್ ಗಟ್ಟಿಯಾಗಿ ಕಲಿಯಲಿ. ಇದಕ್ಕೆ ಒಂದು ಷರತ್ತಿದೆ. ಸೇರಿಸುವ ಮೊದಲು ಶಾಲೆಗೆ ಹೋಗಿ ಒಂದು ಗಂಟೆ ಹಿಂದೆ ಕೂತು ನೋಡಿ. ಕಟ್ಟಡ ನೋಡಬೇಡಿ, ಟೈ ಬೂಟು ನೋಡಬೇಡಿ. ಆ ಒಂದು ಗಂಟೆಯಲ್ಲಿ ಮಕ್ಕಳು ಎಷ್ಟು ಮಾತಾಡಿದರು, ಟೀಚರ್ ಎಷ್ಟು ಕೇಳಿಸಿಕೊಂಡರು ಅಂತ ನೋಡಿ. ಕನ್ನಡ ಶಾಲೆಯಲ್ಲೂ ಮಕ್ಕಳು ಬಾಯಿ ಮುಚ್ಚಿ ಬೋರ್ಡಿನ ಮೇಲಿದ್ದದ್ದನ್ನು ನಕಲು ಮಾಡುತ್ತಿದ್ದರೆ ಎಸ್‌ಡಿಎಂಸಿ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎದ್ದು ಕೇಳಿ. ನಮ್ಮ ಗುಡ್ಡದ ಮೇಲಿನ ಶಾಲೆಗಳಲ್ಲಿ ಒಬ್ಬರೇ ಟೀಚರ್ ಐದು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಸಮೀಕ್ಷೆಗೆ ಹೋಗಬೇಕು. ಅವರಿಗೆ ಮಕ್ಕಳ ಮಾತು ಕೇಳಲು ಪುರುಸೊತ್ತು ಎಲ್ಲಿಂದ ಬರಬೇಕು? ಇನ್ನೊಬ್ಬ ಟೀಚರ್ ಬೇಕು ಅಂತ ನೀವು ಊರಿನವರು ಸೇರಿ ಕೇಳಬೇಕು. ಮಕ್ಕಳನ್ನು ವ್ಯಾನು ಹತ್ತಿಸಿ ಕಳಿಸಿಬಿಟ್ಟರೆ ಶಾಲೆಯಲ್ಲಿ ಮಕ್ಕಳಿಲ್ಲ ಅಂತ ಆ ಒಬ್ಬರೂ ಹೋಗುತ್ತಾರೆ.

ಶಿಕ್ಷಕ ಬಂಧುಗಳೇ, ಜೂನ್, ಜುಲೈ ಎರಡು ತಿಂಗಳು ಒಂದನೇ ತರಗತಿಯಲ್ಲಿ ದಿನದ ಮೊದಲ ಅರ್ಧ ಗಂಟೆಯನ್ನು ಮಾತಿಗೆ ಬಿಡಿ. ಒಗಟು ಹೇಳಿ, ಹೇಳಿಸಿ. 'ಹಗ್ಗ ಹಾಸಿದೆ, ಕೋಣ ಮಲಗಿದೆ' ಅಂದರೆ ಕುಂಬಳಬಳ್ಳಿ, ಕುಂಬಳಕಾಯಿ ಅಂತ ಕೂಗದ ಮಗು ಮಲೆನಾಡಿನಲ್ಲಿ ಸಿಗುವುದು ಕಷ್ಟ. ಮಳೆ ಜೋರಾದ ದಿನ ಹೆಂಚಿನ ಮೇಲಿನ ಸದ್ದಿಗೆ ಪಾಠ ಹೇಗೂ ಕೇಳುವುದಿಲ್ಲ. ಆಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮನೆಯ ಸುದ್ದಿ ಕೇಳಿ.

ಈಗಾಗಲೇ ಇಂಗ್ಲಿಷ್ ಶಾಲೆಗೆ ಸೇರಿಸಿದವರು ನಾನು ಮಾತಾಡುವಾಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದೀರಿ. ಹಾಗೆ ಕೂರಬೇಡಿ. ನಿಮ್ಮ ಕೈಯಲ್ಲೂ ಬೇಕಾದಷ್ಟಿದೆ. ಮನೆಯಲ್ಲಿ ಇಂಗ್ಲಿಷ್ ಮಾತಾಡು ಅಂತ ಮಗುವಿಗೆ ಒತ್ತಾಯ ಮಾಡಬೇಡಿ, ನಿಮಗೆ ಬಾರದ ಇಂಗ್ಲಿಷನ್ನು ನೀವೂ ಕಷ್ಟಪಟ್ಟು ಆಡಬೇಡಿ. ಅವತ್ತಿನ ಪಾಠವನ್ನು ನಿಮ್ಮ ಮಾತಿನಲ್ಲಿ ಹೇಳಲು ಹೇಳಿ, ನಡುವೆ ಪ್ರಶ್ನೆ ಕೇಳಿ. ಕನ್ನಡ ಓದಲು ಮನೆಯಲ್ಲೇ ಕಲಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ, 2020ರಿಂದಲೇ ಇದೆ. ಚಿತ್ರ ಇರುವ ಸಣ್ಣ ಪುಸ್ತಕದಿಂದ ಶುರು ಮಾಡಿ. ಓದು ಬಾರದ ಅಜ್ಜಿ ಮನೆಯಲ್ಲಿದ್ದರೆ ಮಗು ಅವರಿಗೇ ಓದಿ ಹೇಳಲಿ. ಅಜ್ಜಿ ಕತೆ ಕೇಳಿ 'ಆಮೇಲೆ ಎಂತ ಆಯ್ತಾ?' ಅಂತ ಖಂಡಿತ ಕೇಳುತ್ತಾರೆ. ಮಗು ಪುಟ ತಿರುಗಿಸಲೇಬೇಕಾಗುತ್ತದೆ.